ಅಭ್ಯಾಸ ಯಾವಾಗ ಕಂದಾಚಾರವಾಗುತ್ತದೆ?



ಬಂಧುಗಳೇ, ಕಳೆದ ಭಾನುವಾರದ ಅಧ್ಯಯನದಲ್ಲಿ ಒಬ್ಬ ಹುಡುಗ ಕೇಳಿದ ಪ್ರಶ್ನೆಗೆ ಅವತ್ತು ಸಮಯ ಸಾಲಲಿಲ್ಲ. ಇವತ್ತಿನ ಚಿಂತನೆ ಅದಕ್ಕೇ ಮೀಸಲು. ಅವನು ಕೇಳಿದ್ದು ಇಷ್ಟು: "ನಮ್ಮಜ್ಜಿ ದಿನಾ ಬೆಳಗ್ಗೆ ದೀಪ ಹಚ್ಚಿ ಕೈ ಮುಗೀತಿದ್ರು. ಮೂಢನಂಬಿಕೆ ಅಂತ ಬಿಡಿಸಿದ್ವಿ. ಈಗ ನೀವು ದಿನಾ ಬೆಳಗ್ಗೆ ಮೇಣದಬತ್ತಿ ಹಚ್ಚಿ ತ್ರಿಸರಣ ಪಂಚಶೀಲ ಹೇಳಿ, ಮನಸ್ಸು ನೆಮ್ಮದಿಯಾಗಿರುತ್ತೆ ಅಂತೀರಿ. ಎಣ್ಣೆ ಹೋಗಿ ಮೇಣ ಬಂತು, ಅಷ್ಟೇ ಅಲ್ವಾ ಸಾರ್?"

ಕೆಲವರು ನಕ್ಕರು, ಕೆಲವರಿಗೆ ಕೋಪ ಬಂತು. ನನಗೆ ಖುಷಿಯಾಯಿತು. ಹೀಗೆ ಕೇಳುವ ಹುಡುಗರಿಲ್ಲದ ಬಳಗಕ್ಕೆ ಬೀಗ ಹಾಕಿದರೂ ನಷ್ಟವಿಲ್ಲ.

ಈ ಎಚ್ಚರಿಕೆಯನ್ನು ಮೊದಲು ಕೊಟ್ಟವರು ಬುದ್ಧರೇ. ಮನುಷ್ಯನನ್ನು ಕಟ್ಟಿಹಾಕುವ ಹತ್ತು ಸಂಕೋಲೆಗಳನ್ನು ಎಣಿಸುವಾಗ ಮೂರನೆಯದಾಗಿ ಅವರು ಹೇಳುವುದು ಸೀಲಬ್ಬತಪರಾಮಾಸ. ವ್ರತ, ನೇಮ, ಆಚರಣೆ ಮಾಡಿದರೆ ಸಾಕು ಶುದ್ಧನಾಗುತ್ತೇನೆ ಎಂದು ಅದಕ್ಕೇ ಜೋತುಬೀಳುವುದು. ಆ ಪದದೊಳಗೆ 'ಸೀಲ' ಎನ್ನುವುದೂ ಇದೆ, ಗಮನಿಸಿ. ಶೀಲವೂ ಸಂಕೋಲೆಯಾಗಬಹುದು. ಹುಡುಗನ ಪ್ರಶ್ನೆಯಲ್ಲಿ ಹುರುಳಿದೆ.

ಹಾಗಾದರೆ ಗೆರೆ ಎಲ್ಲಿದೆ? ಪುಸ್ತಕಕ್ಕಿಂತ ಮೊದಲು ಅದನ್ನು ನನಗೆ ತೋರಿಸಿದವರು ನನ್ನ ತಾಯಿ.

ಅವರು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ದೊಮ್ಮಲೂರಿನ ಹಳೇ ಊರಿನ ಮನೆಯಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಮಾರಮ್ಮನ ಪಟಕ್ಕೆ ದೀಪ ಹಚ್ಚಿದವರು. ನಾವೆಲ್ಲ ದೀಕ್ಷೆ ತೆಗೆದುಕೊಂಡಾಗ ಅವರೂ 22 ಪ್ರತಿಜ್ಞೆಗಳನ್ನು ಮನಸಾರೆ ಹೇಳಿದರು. ಪಟ ಇಳಿಸಿದ್ದು ಅವರೇ. ಆದರೆ ಮಾರನೇ ದಿನ ಬೆಳಗಿನ ಐದು ಗಂಟೆ ಎಂದಿನಂತೆ ಬಂತು. ಚೊಕ್ಕನಾಥಸ್ವಾಮಿ ದೇವಸ್ಥಾನದ ಕಡೆಯಿಂದ ಗಂಟೆ ಕೇಳಿಸಿದರೆ ಕೈ ತಾನಾಗಿ ಮೇಲೇಳುತ್ತಿತ್ತು, ನೆನಪಾಗಿ ಮತ್ತೆ ಮಡಿಲಿಗೆ ಇಳಿಯುತ್ತಿತ್ತು. "ದೇವ್ರು ಹೋಗಿದ್ದಕ್ಕೆ ಬೇಜಾರಿಲ್ಲ ಕಣಪ್ಪ, ಆ ಹೊತ್ತು ಖಾಲಿ ಬಿದ್ದೋಯ್ತು" ಎಂದರು ಒಂದು ದಿನ.

ನಮ್ಮ ಚಳವಳಿಯ ಎಷ್ಟೋ ಭಾಷಣಗಳಿಗಿಂತ ಈ ಮಾತು ತೂಕದ್ದು. ಏನನ್ನು ಬಿಡಬೇಕು ಎಂದು ಪಟ್ಟಿ ಕೊಡುವುದರಲ್ಲಿ ನಾವು ನಿಸ್ಸೀಮರು. ಬಿಟ್ಟ ಜಾಗದಲ್ಲಿ, ಬೆಳಗಿನ ಐದು ಗಂಟೆಗೆ, ಏನು ಮಾಡಬೇಕು ಎಂದು ಹೇಳುವವರು ಕಡಿಮೆ. ಹೊತ್ತು ಖಾಲಿ ಬಿದ್ದರೆ ಹಳೆಯದೇ ವಾಪಸ್ಸು ಬರುತ್ತದೆ. ದೀಕ್ಷೆಯಾದ ಮನೆಗಳಲ್ಲೂ ಮಗಳ ಮದುವೆ ಗೊತ್ತಾದ ಕೂಡಲೇ ಪಂಚಾಂಗ ಹೊರಗೆ ಬರುವುದನ್ನು ನೀವೂ ನೋಡಿದ್ದೀರಿ.

ತಾಯಿ ತಾವೇ ದಾರಿ ಕಂಡುಕೊಂಡರು. ನಮ್ಮ ಬೀದಿ ಗುಡಿಸಲು ಬರುವ ಪೌರಕಾರ್ಮಿಕ ಹೆಣ್ಣುಮಕ್ಕಳಿಗೆಂದು ಗೇಟಿನ ಒಳಗೆ ಸ್ಟೂಲಿನ ಮೇಲೆ ಒಂದು ಬಿಂದಿಗೆ ಕುಡಿಯುವ ನೀರು, ಎರಡು ಸ್ಟೀಲ್ ಲೋಟ. ಎತ್ತಿ ಹುಯ್ಯುವುದಲ್ಲ. ಅವರೇ ಒಳಗೆ ಬಂದು, ಮೊಗೆದುಕೊಂಡು, ನಾವು ಕುಡಿಯುವ ಲೋಟದಲ್ಲೇ ಕುಡಿಯಬೇಕು. ಮೊದಲ ವಾರ ಯಾರೂ ಲೋಟ ಮುಟ್ಟಲಿಲ್ಲ, ತಮ್ಮ ಪ್ಲಾಸ್ಟಿಕ್ ಬಾಟಲಿ ತೋರಿಸಿ ನಕ್ಕು ಹೋದರು. ಬೇರೆ ಮನೆಗಳಲ್ಲಿ ಏನಾಗಿರಬಹುದು ಎಂದು ಅದರಿಂದಲೇ ತಿಳಿಯಿತು. ಎರಡನೇ ವಾರ ತಾಯಿ ತಾವೂ ಅವರ ಜೊತೆ ನಿಂತು ಅದೇ ಲೋಟದಲ್ಲಿ ಕುಡಿದರು. ಆಮೇಲೆ ಬಿಂದಿಗೆ ಖಾಲಿಯಾಗತೊಡಗಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದದ್ದನ್ನು ನಾವು ವರ್ಷಕ್ಕೊಮ್ಮೆ ವೇದಿಕೆಯಲ್ಲಿ ನೆನೆಯುತ್ತೇವೆ. ನನ್ನ ತಾಯಿಗೆ ಆ ಇಸವಿ ಗೊತ್ತಿರಲಿಲ್ಲ.

ಒಮ್ಮೆ ಜ್ವರ ಬಂದು ಎರಡು ದಿನ ಮಲಗಿದರು. ಹಿಂದೆಲ್ಲ ದೀಪ ತಪ್ಪಿದ ದಿನ 'ಏನು ಕೇಡು ಕಾದಿದೆಯೋ' ಎಂದು ಸಂಜೆಯವರೆಗೂ ತಳಮಳಿಸುತ್ತಿದ್ದವರು, ಈ ಸಲ ಕೇಳಿದ್ದು "ಆ ಹೆಣ್ಣುಮಕ್ಕಳಿಗೆ ನೀರು ಇಟ್ರಾ?" ಎಂದು. ಗೆರೆ ಇರುವುದು ಇಲ್ಲೇ ಎಂದು ನಾನು ತಿಳಿದಿದ್ದೇನೆ. ತಪ್ಪಿದ ದಿನ ನನಗೇನಾಗುತ್ತದೋ ಎಂಬ ಭಯ ಹುಟ್ಟಿದರೆ ಅದು ಕಂದಾಚಾರ. ತಪ್ಪಿದ್ದರಿಂದ ಇನ್ನೊಬ್ಬರಿಗೆ ಏನು ಕಡಿಮೆಯಾಯಿತು, ನನ್ನಲ್ಲಿ ಯಾವ ಎಚ್ಚರ ಸಡಿಲವಾಯಿತು ಎಂದು ಕೇಳುವಂತಾದರೆ ಅದು ಅಭ್ಯಾಸ. ಕೆಲಸ ಒಂದೇ ಇರಬಹುದು, ಮೇಣದಬತ್ತಿಯೂ ಒಂದೇ ಇರಬಹುದು.

ಹಾಗೆಂದು ಅಜ್ಜಿಯ ದೀಪವನ್ನು ಹಗುರ ಮಾಡಬೇಡಿ. ಮಕ್ಕಳು ಬದುಕಲಿ ಎಂದು ಹಚ್ಚಿದ ದೀಪ ಅದು. 1898ರ ಪ್ಲೇಗಿನಲ್ಲಿ ಬೆಂಗಳೂರು ತತ್ತರಿಸಿದಾಗ ಪ್ಲೇಗಮ್ಮನೇ ದೇವತೆಯಾದಳು. ಬೇರೆ ದಿಕ್ಕಿಲ್ಲದ ಜನ ಕೈ ಮುಗಿದದ್ದನ್ನು ಗೇಲಿ ಮಾಡುವುದು ಧಮ್ಮವಲ್ಲ.

ಇನ್ನು ಪಂಚಶೀಲ. ಅದರ ಪ್ರತಿ ಸಾಲಿನಲ್ಲೂ ಎರಡು ಪದಗಳು ಬರುತ್ತವೆ: ಸಿಕ್ಖಾಪದ, ಸಮಾದಿಯಾಮಿ. ಸಿಕ್ಖಾ ಎಂದರೆ ಕಲಿಕೆ, ತರಬೇತಿ. ಸಮಾದಿಯಾಮಿ ಎಂದರೆ ನಾನೇ ಕೈಗೆತ್ತಿಕೊಳ್ಳುತ್ತೇನೆ ಎಂದು. ಕೊಡು, ಕಾಪಾಡು, ಕ್ಷಮಿಸು ಎನ್ನುವ ಮಾತು ಅಲ್ಲೆಲ್ಲೂ ಇಲ್ಲ. ಅಜ್ಜಿ ಬೇಡುತ್ತಿದ್ದರು, ನಾವು ಮಾತು ಕೊಡುತ್ತೇವೆ. ಬೇಡಿದ್ದು ಈಡೇರದಿದ್ದರೆ ದೇವರ ಇಚ್ಛೆ ಎನ್ನಬಹುದು. ಕೊಟ್ಟ ಮಾತು ಉಳಿಯದಿದ್ದರೆ ಹಾಗೆ ಜಾರಿಕೊಳ್ಳಲಾಗದು, ರಾತ್ರಿ ಮಲಗುವಾಗ ಲೆಕ್ಕ ಸಿಗುತ್ತದೆ. ಬಾಬಾಸಾಹೇಬರೂ ನಿತ್ಯಪಠಣವನ್ನು ಬೇಡವೆನ್ನಲಿಲ್ಲ. ಅವರ ಬರಹ ಭಾಷಣಗಳ ಇಂಗ್ಲಿಷ್ ಸಂಪುಟಗಳಲ್ಲಿ 16ನೆಯದನ್ನು ತೆರೆದರೆ ಪಾಲಿ ವ್ಯಾಕರಣ, ನಿಘಂಟುಗಳ ಜೊತೆಗೇ ಬೌದ್ಧ ಪೂಜಾ ಪಾಠವೂ ಇದೆ. ಅರ್ಥ ತಿಳಿದು ಹೇಳಲಿ ಎಂದೇ ಅಲ್ಲವೇ, ಪಾಠದ ಪಕ್ಕದಲ್ಲಿ ನಿಘಂಟು!

ರಾತ್ರಿಯ ಲೆಕ್ಕವನ್ನು ಬುದ್ಧರು ಹೇಳಿಕೊಟ್ಟದ್ದು ಮಗ ರಾಹುಲನಿಗೆ. ಕನ್ನಡಿ ಇರುವುದು ನೋಡಿಕೊಳ್ಳಲು. ಹಾಗೆಯೇ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ, ಇದರಿಂದ ನನಗೆ ಅಥವಾ ಬೇರೆಯವರಿಗೆ ನೋವಾಗುತ್ತದೆಯೇ ಎಂದು ನೋಡು ಎಂದರು. ಸುಳ್ಳು ಹೇಳಬಾರದೆಂಬುದರಿಂದಲೇ ಆ ಉಪದೇಶ ಶುರುವಾಗುತ್ತದೆ. ಅಶೋಕ ಚಕ್ರವರ್ತಿ ರಾಜಸ್ಥಾನದ ಬೈರಾಟ್ ಬಳಿಯ ಶಾಸನದಲ್ಲಿ, ಭಿಕ್ಖುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಿ ಮನನ ಮಾಡಬೇಕಾದ ಏಳು ಪಾಠಗಳನ್ನು ಹೆಸರಿಸುತ್ತಾನೆ. ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ ಈ ಉಪದೇಶ ಅದರಲ್ಲಿ ಒಂದು. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೂ ಅವನು ಬರೆಸಿದ್ದು ಇದನ್ನೇ: ತಂದೆತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ದಯೆಯಿರಲಿ, ಸತ್ಯ ಹೇಳಿ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಮಾತು.

ಇದರಲ್ಲಿ ಸುಖ ಎಲ್ಲಿಂದ ಬರುತ್ತದೆ? ಅಂಗುತ್ತರ ನಿಕಾಯದ ಹತ್ತರ ವಿಭಾಗದ ಮೊದಲ ಸುತ್ತದಲ್ಲಿ ಆನಂದ ಭಂತೆ ಇದನ್ನೇ ಕೇಳುತ್ತಾರೆ, ಶೀಲದಿಂದ ಏನು ಫಲ ಎಂದು. ಬುದ್ಧರು ಸ್ವರ್ಗದ ಮಾತೆತ್ತುವುದಿಲ್ಲ. ಅವಿಪ್ಪಟಿಸಾರ ಎನ್ನುತ್ತಾರೆ, ಅಂದರೆ ಒಳಗೆ ಕೊರೆಯುವುದು ಏನೂ ಉಳಿಯದಿರುವುದು. ಅದರಿಂದ ಹರ್ಷ, ಹರ್ಷದಿಂದ ಪ್ರೀತಿ, ಆಮೇಲೆ ದೇಹ ಮನಸ್ಸು ಹಗುರವಾಗುವುದು, ಆಮೇಲೆ ಸುಖ, ಅದಾದ ಮೇಲೆ ಸಮಾಧಿ. ಧ್ಯಾನ ಎಷ್ಟನೇ ಮೆಟ್ಟಿಲಲ್ಲಿದೆ ನೋಡಿ.

ನಮ್ಮ ರಿಂಗ್ ರೋಡಿನ ಆಚೀಚೆಯ ಗಾಜಿನ ಕಟ್ಟಡಗಳಲ್ಲಿ ಮೈಂಡ್‌ಫುಲ್‌ನೆಸ್ ಎಂದು ಕಲಿಸುವವರು ನೇರ ಆ ಮೇಲಿನ ಮೆಟ್ಟಿಲಿಗೇ ಲಿಫ್ಟ್ ಹಾಕಿದ್ದಾರೆ. ನಾನು ಕೆಲಸ ಮಾಡುತ್ತಿದ್ದ ಆಫೀಸಿನಲ್ಲೂ ಒಮ್ಮೆ ನಡೆಯಿತು. ಕಣ್ಣು ಮುಚ್ಚಿ ಉಸಿರು ಗಮನಿಸಿ, ಎಲ್ಲ ಜೀವಿಗಳಿಗೂ ಒಳಿತನ್ನು ಹಾರೈಸಿ ಎಂದರು. ಹೌಸ್‌ಕೀಪಿಂಗ್‌ನವರು ಮಾತ್ರ ಒಂದು ಗಂಟೆ ಹಾಲ್‌ನೊಳಗೆ ಕಾಲಿಡಕೂಡದೆಂದು ಮೊದಲೇ ಹೇಳಿದ್ದರು! ಆನಾಪಾನ ಒಳ್ಳೆಯದೇ, ನಾನೂ ಮಾಡುತ್ತೇನೆ. ಆದರೆ ಒಬ್ಬನೇ ಇರುವವನಿಗೆ ಧಮ್ಮದ ಅಗತ್ಯವಿಲ್ಲ, ಇಬ್ಬರು ಕೂಡಿ ಬದುಕಬೇಕಾದಾಗ ಅದು ಬೇಕು ಎಂಬುದು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಹಿಡಿದ ನೆಲೆ. ಬಾಗಿಲ ಹೊರಗೆ ನಿಂತವರನ್ನು ಮರೆತ ನೆಮ್ಮದಿಯನ್ನು ನಾನು ನಿದ್ದೆ ಎನ್ನುತ್ತೇನೆ.

ಒಳಗೆ ಕೊರೆಯದಿರುವುದು ಅಗ್ಗವಾಗಿ ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. ನನ್ನ ಮಗಳು ಇಲ್ಲೇ ಹತ್ತಿರದಲ್ಲಿ ಬಾಡಿಗೆ ಮನೆ ನೋಡಿದಳು. ಮಾಲೀಕರು ಹೆಸರು ಕೇಳಿದರು, ಊರು ಕೇಳಿದರು, ನಾನ್‌ವೆಜ್ ತಿಂತೀರಾ ಕೇಳಿದರು, ಕೊನೆಗೆ "ನೀವು ಯಾವ ಜನ?" ಎಂದರು. ಬೇರೇನಾದರೂ ಹೇಳು ಎಂದು ಬ್ರೋಕರ್ ಕಣ್ಸನ್ನೆ ಮಾಡಿದ. ಇವಳು "ನಾವು ಬೌದ್ಧರು, ಅಂಬೇಡ್ಕರ್ ಅನುಯಾಯಿಗಳು" ಎಂದಳು. ಫೋನ್ ಮಾಡುತ್ತೇವೆ ಎಂದವರು ಮಾಡಲಿಲ್ಲ. ಅವತ್ತು ಅವಳು ಸಂತೋಷವಾಗಿದ್ದಳೇ? ಇಲ್ಲ, ಅತ್ತಳು. ಆದರೆ 11 ತಿಂಗಳ ಅಗ್ರಿಮೆಂಟಿನ ಉದ್ದಕ್ಕೂ, ಬಾಡಿಗೆ ವಸೂಲಿಗೆ ಬೆಲ್ ಆದಾಗಲೆಲ್ಲ ಗೋಡೆಯಿಂದ ಬಾಬಾಸಾಹೇಬರ ಫೋಟೋ ಇಳಿಸಿ ಮಂಚದಡಿ ಸರಿಸುವ ದಿನಚರಿ ಅವಳ ಪಾಲಿಗೆ ಬರಲಿಲ್ಲ. ಅದೂ ಒಂದು ನಿತ್ಯದ ಆಚರಣೆಯೇ, ಭಯದ್ದು. ಆ ಫೋಟೋ ಇಳಿಸುವವರನ್ನು ನಾನು ದೂರುವುದಿಲ್ಲ. ತಲೆಯ ಮೇಲೆ ಸೂರು ಬೇಕು, ಮಕ್ಕಳ ಸ್ಕೂಲ್ ಹತ್ತಿರವಿರಬೇಕು. ಆ ಸುಳ್ಳಿನ ಹೊಣೆ ಪ್ರಶ್ನೆ ಕೇಳಿದವರದು. ಮಗಳು ಮೂರು ತಿಂಗಳ ಮೇಲೆ ದೂರದ ಕೆ.ಆರ್. ಪುರದಲ್ಲಿ ಮನೆ ಹಿಡಿದಳು. ಫೋಟೋ ಹಾಲಿನಲ್ಲೇ ಇದೆ.

ಬಾಬಾಸಾಹೇಬರ ದಿನಚರಿಯಲ್ಲಿ ಓದಿಗೆ ತಪ್ಪಿಸಿಕೊಳ್ಳುವ ದಿನವಿರಲಿಲ್ಲ. ಪುಸ್ತಕಗಳಿಗೆಂದೇ ದಾದರಿನಲ್ಲಿ ರಾಜಗೃಹ ಕಟ್ಟಿಸಿದರು. ಕೊನೆಯ ವರ್ಷಗಳಲ್ಲಿ ಪಿಟೀಲು ಕಲಿಯಲು ಕೂತರು. 1956ರ ಡಿಸೆಂಬರ್ 5ರ ರಾತ್ರಿ ದೆಹಲಿಯ ಅಲೀಪುರ ರಸ್ತೆಯ ಮನೆಯಲ್ಲಿ ಧಮ್ಮ ಗ್ರಂಥದ ಪೀಠಿಕೆಯ ಹಾಳೆಗಳನ್ನು ತರಿಸಿಕೊಂಡರು. ಬೆಳಗಾಗುವಷ್ಟರಲ್ಲಿ ಅವರಿರಲಿಲ್ಲ. ಆ ಓದಿಗೆ ಯಾವ ಮುಹೂರ್ತವೂ ಇರಲಿಲ್ಲ, ತಪ್ಪಿದರೆ ಶಾಪವೂ ಇರಲಿಲ್ಲ.

ಹುಡುಗನಿಗೆ ನನ್ನ ಉತ್ತರ ಇಷ್ಟು. ಮೇಣದಬತ್ತಿ ಬೇಡವೆನಿಸಿದರೆ ಒಂದು ವಾರ ಬಿಟ್ಟು ನೋಡು. ಭಯವಾದರೆ ಮುಂದಿನ ವಾರವೂ ಬಿಡು. ಆದರೆ ಐದು ಸಾಲುಗಳನ್ನು ಅರ್ಥದೊಡನೆ ಹೇಳಿಕೋ, ರಾತ್ರಿ ಐದನ್ನೂ ಒಮ್ಮೆ ಮುಟ್ಟಿ ನೋಡಿಕೋ. ಬರುವ ಭಾನುವಾರ ರಾಹುಲನಿಗೆ ಹೇಳಿದ ಉಪದೇಶವನ್ನೇ ಓದೋಣ. ಮನೆಯ ಹಿರಿಯರನ್ನೂ ಕರೆತನ್ನಿ, ದೀಪ ಬಿಟ್ಟ ಮೇಲೆ ಅವರ ಐದು ಗಂಟೆ ಹೇಗೆ ಕಳೆಯುತ್ತಿದೆ ಎಂದು ಕೇಳಬೇಕಿದೆ.

ಜೈಭೀಮ್.