ಬೇರಿನ ಗಂಟು

ಹೂಬಿಟ್ಟ ಹೆಸರು ಗಿಡವೊಂದನ್ನು ಹೆಂಟೆ ಸಮೇತ ಎತ್ತಿ ಬಕೆಟ್ಟಿನ ನೀರಲ್ಲಿ ಜಾಲಾಡಿದೆ. ಎರೆಮಣ್ಣು ಸುಲಭಕ್ಕೆ ಬಿಡುವ ಜಾತಿಯಲ್ಲ. ಕೊನೆಗೆ ಬೇರು ಬಿಳಿಯಾಗಿ ಕಂಡಾಗ ಅದರ ಮೈತುಂಬ ಗಂಟುಗಳು, ಸಾಸಿವೆಯಷ್ಟು ಕೆಲವು, ಜೋಳದ ಕಾಳಿನಷ್ಟು ಕೆಲವು. ಒಂದನ್ನು ಉಗುರಲ್ಲಿ ಸೀಳಿದೆ. ಒಳಗೆ ನಸುಗೆಂಪು!

ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದು. ನಮ್ಮ ನೆತ್ತರನ್ನು ಕೆಂಪಾಗಿಸುವ ಹಿಮೋಗ್ಲೋಬಿನ್‌ನ ದಾಯಾದಿ. ಗಂಟಿನೊಳಗಿನ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡ ಉಣ್ಣುವ ರೂಪಕ್ಕೆ ತರುತ್ತದೆ. ಅದಕ್ಕೆ ಉಸಿರಾಡಲು ಆಮ್ಲಜನಕ ಬೇಕು, ಆದರೆ ಹೆಚ್ಚಾದರೆ ಕೆಲಸವೇ ಕೆಡುತ್ತದೆ. ಈ ಕೆಂಪು ಅದನ್ನು ಅಳೆದು ಅಳೆದು ಕೊಡುತ್ತದೆ. ಇಷ್ಟು ನಾಜೂಕಿನ ವ್ಯವಹಾರ ನನ್ನ ಚಪ್ಪಲಿಯಡಿ ನಡೆದಿತ್ತು.

ಗಾಳಿಯ ಸಾರಜನಕ ಗಿಡಕ್ಕೆ ಸಿಗುವುದು ಬೇರಿನ ಗಂಟಿನಿಂದ ಎಂದು ಜರ್ಮನಿಯ ಹೆಲ್ರೀಗೆಲ್ ಮತ್ತು ವಿಲ್ಫಾರ್ಟ್ ಪ್ರಯೋಗದಿಂದ ತೋರಿಸಿದ್ದು 1880ರ ದಶಕದಲ್ಲಿ. ಮುಂಗಾರಿಗೆ ಹೆಸರು, ಅದು ಎರಡೂವರೆ ತಿಂಗಳೊಳಗೆ ಕೈಗೆ ಬಂದ ಮೇಲೆ ಅದೇ ಹೊಲದಲ್ಲಿ ಹಿಂಗಾರಿ ಜೋಳ ಎಂದು ಬಿತ್ತುವ ನಮ್ಮವರು ಗಂಟು ಸೀಳಿ ನೋಡಿದವರಲ್ಲ. ಜೋಳದ ತೆನೆ ನೋಡಿದವರು. ಗಂಟು ಹಿಡಿದಿಟ್ಟದ್ದೆಲ್ಲ ಜೋಳಕ್ಕೇ ಸಿಗುತ್ತದೆ ಎಂದೇನಲ್ಲ, ಬಹುಪಾಲು ಕಾಳಿನ ಜೊತೆ ಮನೆಗೇ ಬರುತ್ತದೆ. ಹೊಲಕ್ಕೆ ಉಳಿಯುವುದು ಬೇರು, ಉದುರಿದ ಎಲೆ, ಕುಂಟೆ ಹೊಡೆದಾಗ ಮಣ್ಣಿಗೆ ಸೇರುವ ದಂಟು. ಆ ಉಳಿಕೆಯೂ ಸಣ್ಣದಲ್ಲ.

ತೊಗರಿಯ ಕಥೆ ಇನ್ನೊಂದು ಬಗೆ. ಅದರ ಬೇರು ಆಳಕ್ಕೆ ಇಳಿಯುತ್ತದೆ. ಕೆಂಪು ನೆಲದಲ್ಲಿ ಕಬ್ಬಿಣಕ್ಕೆ ಅಂಟಿಕೊಂಡು ಬೇರೆ ಬೆಳೆಗೆ ದಕ್ಕದ ರಂಜಕವನ್ನು ತನ್ನ ಬೇರಿನ ಆಮ್ಲದಿಂದ ಬಿಡಿಸಿಕೊಳ್ಳುತ್ತದೆ ಎಂದು ಪಟಾನ್‌ಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ದುಡಿದ ವಿಜ್ಞಾನಿಗಳು 1990ರಲ್ಲಿ ಬರೆದರು. ಇಷ್ಟು ಜಾಣ ಗಿಡವನ್ನೂ ಒಂದೇ ಹೊಲದಲ್ಲಿ ವರ್ಷ ವರ್ಷ ಬಿತ್ತಿದರೆ ನೆಟೆ ರೋಗ ಹಿಡಿಯುತ್ತದೆ. ಹೂವು, ಕಾಯಿ ತುಂಬಿ ನಿಂತ ಗಿಡ ನೋಡನೋಡುತ್ತಲೇ ಒಣಗುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಆ ಶಿಲೀಂಧ್ರ ಕೊಳೆಯದ ಕೂಳೆಯಲ್ಲಿ ಕೂತು ಮುಂದಿನ ತೊಗರಿಗೆ ಕಾಯುತ್ತದೆ. ನಡುವೆ ಜೋಳ ಬಂದರೆ ಶಿಲೀಂಧ್ರದ ಬಲ ತಗ್ಗುತ್ತದೆ. ಎಷ್ಟು ಸರಳ!

ಹಾಗೆಂದು ತೊಗರಿಯ ಮೇಲೆ ತೊಗರಿ ಬಿತ್ತುವ ಕಲಬುರಗಿಯ ರೈತನಿಗೆ ಉಪದೇಶ ಮಾಡಲು ನನಗೆ ಬಾಯಿಲ್ಲ. ತೊಗರಿಗೆ ಪೇಟೆಯಿದೆ, ಜೋಳ ಕೊಯ್ಯಲು ಆಳಿಲ್ಲ. ಬೆಳೆಯ ಸರದಿ ತಪ್ಪಿಸಿದ್ದು ಅವನ ಅಜ್ಞಾನವಲ್ಲ, ನಮ್ಮ ಸಂತೆಯ ಲೆಕ್ಕ.

ಗಂಟಿನೊಳಗಿನ ಕೆಂಪು ನೋಡುವ ಆಸೆಯಿದ್ದರೆ ಹೆಸರು ಹೂವಿನಲ್ಲಿದ್ದಾಗಲೇ ಹೋಗಿ. ಗಿಡವನ್ನು ಕೀಳಬೇಡಿ, ಗಂಟು ಮಣ್ಣಲ್ಲೇ ಕಳಚಿ ಉಳಿಯುತ್ತದೆ. ಸಲಿಕೆಯಿಂದ ಸುತ್ತ ಅಗೆದು ಎತ್ತಿ. ಕಾಯಿ ಬಲಿತ ಮೇಲೆ ಹೋದರೆ ಆ ಕೆಂಪು ಇರುವುದಿಲ್ಲ.