ಬಿಟ್ಟ ಮೀನಿನ ಋಣ

"ತಿನ್ನುದಿಲ್ಲ ಅಂದ್ಮೇಲೆ ಅದ್ರ ಬಾಯಿ ಎಂತಕ್ಕೆ ಹರೀಬೇಕು ಮಾಸ್ತರ್ರೆ?"

ದಿವಗಿಯ ಅಘನಾಶಿನಿ ಹೊಳೆದಂಡೆಯಲ್ಲಿ ಬೀಸುಬಲೆ ಬಿಡಿಸುತ್ತ ಕೂತಿದ್ದ ಅಂಬಿಗರ ಅಣ್ಣ ಹೀಗೆ ಕೇಳಿದಾಗ ನನ್ನ ಉತ್ತರ ಬಾಯಲ್ಲೇ ಇತ್ತು: ಹೊಳೆಯಲ್ಲಿ ಮೀನು ಕಮ್ಮಿ, ಅದಕ್ಕೇ ಹಿಡಿದು ಬಿಡುತ್ತೇನೆ. ಮೈಯ ಲೋಳೆ ಹೋಗದಿರಲೆಂದು ಕೈ ಒದ್ದೆ ಮಾಡಿಕೊಂಡೇ ಮುಟ್ಟುತ್ತೇನೆ. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಚಪ್ಪಟೆ ಮಾಡಿಟ್ಟಿದ್ದೇನೆ. ಕಿವಿರು ಸರಿಯಾಗಿ ಆಡುವ ತನಕ ಮೀನನ್ನು ಹರಿವಿಗೆ ಮುಖಮಾಡಿ ಹಿಡಿದುಕೊಂಡಿರುತ್ತೇನೆ. ಎಲ್ಲ ಕೇಳಿ ಅಣ್ಣ ನಕ್ಕ. ನ್ಯಾಯವೇ. ಕೊಂದು ತಿನ್ನುವವನಿಗೆ ಹಸಿವೆಯ ನೆಪವಾದರೂ ಇದೆ, ನೋಯಿಸಿ ಬಿಡುವವನಿಗೆ?

ಭಾಗವತದ ಎಂಟನೇ ಸ್ಕಂಧದಲ್ಲಿ ಸತ್ಯವ್ರತ ರಾಜ ಕೃತಮಾಲಾ ನದಿಯಲ್ಲಿ ತರ್ಪಣ ಕೊಡುವಾಗ ಬೊಗಸೆಗೆ ಸಣ್ಣ ಮೀನೊಂದು ಬರುತ್ತದೆ. ಅವನೂ ನೀರಿಗೇ ಬಿಡಲು ಹೋಗುತ್ತಾನೆ. ದೊಡ್ಡ ಮೀನುಗಳು ನುಂಗುವ ಈ ನೀರಿಗೆ ನನ್ನನ್ನು ಹೇಗೆ ಬಿಡುತ್ತೀ ಎಂದು ಮೀನು ಕೇಳುತ್ತದೆ. ಮತ್ಸ್ಯಾವತಾರವೆಂದರೆ ಎಲ್ಲರೂ ಪ್ರಳಯದ ದೋಣಿ ನೆನೆಯುತ್ತಾರೆ. ನನಗೆ ಈ ಪ್ರಶ್ನೆಯೇ ದೊಡ್ಡದು. ಕೈಯಿಂದ ಬಿಟ್ಟಲ್ಲಿಗೆ ರಾಜನ ಹೊಣೆ ಮುಗಿಯಲಿಲ್ಲ. ಕಮಂಡಲು, ಸರೋವರ, ಸಮುದ್ರ ಎಂದು ಹೊತ್ತು ತಿರುಗಬೇಕಾಯಿತು.

ಕಾವೇರಿಯ ಗಲಿಬೋರೆ, ಭೀಮೇಶ್ವರಿಗಳಲ್ಲಿ ಮಹಶೀರ್‌ಗೆ ಗಾಳ ಹಾಕುತ್ತಿದ್ದವರೂ ಹಿಡಿದು ಬಿಡುವ ನೇಮದವರೇ ಆಗಿದ್ದರು. ಮೀನು ಕಮ್ಮಿಯಾಯಿತೆಂದು ಸಾಕಣೆ ಕೇಂದ್ರದ ಬೇರೆ ಜಾತಿಯ ಮಹಶೀರ್ ಮರಿಗಳನ್ನು ಹೊಳೆಗೆ ತಂದುಬಿಟ್ಟರು. ಗಲಿಬೋರೆಯ 1998ರಿಂದ 2012ರವರೆಗಿನ ದಾಖಲೆ ನೋಡಿದರೆ ಹೊಸ ಮೀನು ಹೆಚ್ಚುತ್ತ ಹೋಗಿದೆ, ಆ ಹೊಳೆಯದೇ ಆದ ಡುಬ್ಬದ ಮಹಶೀರ್ ಕಾಣೆಯಾಗುತ್ತ ಬಂದಿದೆ. ಅದಕ್ಕೆ ಶಾಸ್ತ್ರೀಯ ಹೆಸರು ನಿಕ್ಕಿಯಾದದ್ದೇ 2018ರಲ್ಲಿ, ಅಷ್ಟರಲ್ಲಿ ಅದು ಅಳಿವಿನಂಚಿನಲ್ಲಿತ್ತು. ಪುಣ್ಯವೆಂದು ಬಿಟ್ಟದ್ದೂ ನುಂಗಬಲ್ಲದು.

ನಮ್ಮ ಅಘನಾಶಿನಿಗೆ ಅಣೆಕಟ್ಟಿಲ್ಲ. ಸಿಹಿನೀರು, ಉಪ್ಪುನೀರು ತಮ್ಮ ಲೆಕ್ಕದಲ್ಲಿ ಬೆರೆಯುತ್ತವೆ. 2024ರಲ್ಲಿ ಅಳಿವೆಗೆ ರಾಮ್ಸಾರ್ ಜೌಗುಭೂಮಿಯ ಪಟ್ಟ ಸಿಕ್ಕಿತು. ಇತ್ತ ನೀರನ್ನು ವೇದಾವತಿಗೆ ತಿರುಗಿಸುವ ಮಾತೂ ನಡೆದಿದೆ. ಉಪ್ಪುನೀರಿನ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತಿದ್ದಾಗ ಅದರ ಕೂಳೆ ಕೊಳೆತು ಮೀನುಮರಿಗೆ, ಶೆಟ್ಲಿಗೆ (ಸೀಗಡಿಗೆ) ಮೇವಾಗುತ್ತಿತ್ತು. ಭತ್ತ ಬಿಟ್ಟು ಬರೀ ಶೆಟ್ಲಿ ಕೃಷಿಗೆ ಇಳಿದ ಮೇಲೆ ಆ ಮೇವೂ ಹೋಯಿತು. ನಾನು ಜೋಪಾನವಾಗಿ ಬಿಡುವ ಕುರುಡಿ ಮೀನು ಹೋಗಿ ಸೇರುವುದು ಈ ನೀರಿಗೆ. ಕಾಂಡ್ಲಾ ಕಾಡು ಕಡಿದಾಗ, ಮರಳು ಬಗೆದಾಗ ಸುಮ್ಮನಿದ್ದು ಮೀನಿನ ತುಟಿಯ ಗಾಯಕ್ಕೆ ಮರುಗುವುದು ಅಗ್ಗದ ಅಹಿಂಸೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ನನ್ನ ಗಾಳಕ್ಕೆ ಆ ನಿಷೇಧವಿಲ್ಲ. ಆದರೂ ಆ ತಿಂಗಳುಗಳಲ್ಲಿ ಅದನ್ನು ಅಟ್ಟಕ್ಕೆ ಸೇರಿಸುತ್ತೇನೆ. ಮೀನು ತೀರ ಇಳಿದ ವರ್ಷ ಬೇಸಿಗೆಯಲ್ಲೂ ತೆಗೆಯಬಾರದೆನ್ನುವುದು ನನ್ನ ವಾದ: ಮೊದಲು ಆಟದ ಗಾಳ ನಿಲ್ಲಲಿ, ಆಮೇಲೆ ಪೇಟೆಗೆ ಹೋಗುವ ಬಲೆ, ಮನೆಯ ಸಾರಿಗೆ ಹಿಡಿಯುವವನ ಸರದಿ ಎಲ್ಲಕ್ಕಿಂತ ಕೊನೆಗೆ.

ಅಣ್ಣನಿಗೆ ಇದು ಅರ್ಧ ಒಪ್ಪಿಗೆ. "ಪೇಟಿಗೆ ಹಾಕದೆ ಮನೆ ಸಾರಿಗೆ ಅಕ್ಕಿ ಎಲ್ಲಿಂದ ಬತ್ತದೆ?" ಎಂದ.