ಹೂಳು ತುಂಬುವ ಮುನ್ನ



ಗಂಗಾವತಿ ಸೀಮೆಯ ಭತ್ತದ ಗದ್ದೆಗಳಿಗೆ ನೀರುಣಿಸುವ ತುಂಗಭದ್ರಾ ಜಲಾಶಯವು 1953ರಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು, ಇಂದು ಹಿಡಿಯುವುದು ಸುಮಾರು 105 ಮಾತ್ರ. ಈ ಕೊರತೆಯನ್ನು ನೀಗಲೆಂದೇ ನವಲಿಯ ಬಳಿ ಸಮತೋಲನ ಜಲಾಶಯವನ್ನು ಕಟ್ಟುವ ಪ್ರಸ್ತಾಪ ಬಂದಿದೆ. ಹೂಳು ಒಂದೇ ರಾತ್ರಿಯಲ್ಲಿ ಬಂದು ಕೂತದ್ದಲ್ಲ. ವರ್ಷವರ್ಷವೂ ಸದ್ದಿಲ್ಲದೆ ನೀರಿನಡಿಯಲ್ಲಿ ಸೇರಿಕೊಂಡದ್ದು.

ನಮ್ಮ ಊರುಗಳಲ್ಲಿ ‘ಲಕ್ವ ಹೊಡೆಯಿತು’ ಎನ್ನುವ ಪಾರ್ಶ್ವವಾಯುವಿನ ಕಥೆಯೂ ಬಹುಮಟ್ಟಿಗೆ ಇದೇ. ಹೊಡೆತ ಹಠಾತ್ತನೆ ಬೀಳುತ್ತದೆ. ಕಾರಣಗಳು ವರ್ಷಗಳಿಂದ ಕೂಡಿರುತ್ತವೆ. ಅಧಿಕ ರಕ್ತದೊತ್ತಡ ಅವುಗಳಲ್ಲಿ ಮೊದಲನೆಯದು. ಸಕ್ಕರೆ ಕಾಯಿಲೆ, ಬೀಡಿ, ಗುಟ್ಕಾ, ಮದ್ಯ, ಮಿತಿಮೀರಿದ ಉಪ್ಪು, ಕೂತೇ ಕಳೆಯುವ ದಿನಗಳು ಅದರ ಸಂಗಾತಿಗಳು. ರಕ್ತದೊತ್ತಡ ಸಾಮಾನ್ಯವಾಗಿ ನೋವು ಕೊಡುವುದಿಲ್ಲ. ಆದುದರಿಂದಲೇ ‘ನನಗೇನಾಗಿದೆ, ಗಟ್ಟಿಯಾಗಿಯೇ ಇದ್ದೇನಲ್ಲ’ ಎಂದು ನಾವು ಮಾತ್ರೆಯನ್ನು ಅರ್ಧಕ್ಕೇ ನಿಲ್ಲಿಸುತ್ತೇವೆ.

‘ನನ್ನ ದೇಹ, ನನ್ನ ಇಷ್ಟ’ ಎನ್ನಬಹುದೇ? ಮನೆಯ ಯಜಮಾನ ಹಾಸಿಗೆ ಹಿಡಿದಾಗ ಎತ್ತಿ ಕೂರಿಸುವವಳು ಹೆಂಡತಿ; ಕೂಲಿ ಬಿಡುವವಳು ಸೊಸೆ; ಓದು ನಿಲ್ಲಿಸುವವಳು ಬಹುಶಃ ಮಗಳು. ನಮ್ಮ ಅಲಕ್ಷ್ಯದ ಸಾಲವನ್ನು ತೀರಿಸುವವರು ಅವರು. ಆಮೇಲೆ ‘ದೇವರ ಚಿತ್ತ’ ಎನ್ನುವುದು ಸುಲಭ. ಆದರೆ ನಾವು ಮಾಡದೆ ಬಿಟ್ಟುದನ್ನು ದೇವರ ಹೆಸರಿಗೆ ಬರೆಯುವುದು ಭಕ್ತಿಯಲ್ಲ.

ಹಾಗೆಂದು ರೋಗಿಯನ್ನು ದೂಷಿಸುವ ಹಕ್ಕು ಯಾರಿಗೂ ಇಲ್ಲ. ಎಲ್ಲ ಎಚ್ಚರ ವಹಿಸಿದವರಿಗೂ ಈ ಕಾಯಿಲೆ ಬರಬಹುದು. ಅವರಿಗೆ ಬೇಕಾದುದು ತೀರ್ಪಲ್ಲ, ಆಸರೆ. ಎಚ್ಚರದ ಮಾತನ್ನು ಮೊದಲು ನಮಗೆ ನಾವೇ ಹೇಳಿಕೊಳ್ಳೋಣ.

ಮಾಡಬೇಕಾದುದು ದೊಡ್ಡದೇನಲ್ಲ. ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡದ ಪರೀಕ್ಷೆ ಉಚಿತ. ದಿನದ ಉಪ್ಪು 5 ಗ್ರಾಂ, ಅಂದರೆ ಒಂದು ಚಹಾ ಚಮಚ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಈ ಲೆಕ್ಕದಲ್ಲೇ ಸೇರುತ್ತದೆ. ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ವೈದ್ಯರನ್ನು ಕೇಳದೆ ಮಾತ್ರೆ ಬಿಡಬೇಡಿ.

ಯಾರದಾದರೂ ಬಾಯಿ ಒಂದು ಕಡೆಗೆ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ನಾಟಿ ಔಷಧಿಯನ್ನು ಹುಡುಕುತ್ತ ಹೊತ್ತು ಕಳೆಯಬೇಡಿ. ಕೂಡಲೇ 108ಕ್ಕೆ ಕರೆಮಾಡಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಮೆದುಳಿನ ಸ್ಕ್ಯಾನ್ ಆಗಬೇಕು.

ನೀರಿಗಾದರೆ ಇನ್ನೊಂದು ಜಲಾಶಯವನ್ನು ಯೋಚಿಸಬಹುದು. ಮೆದುಳಿಗೆ ಇನ್ನೊಂದು ಮೆದುಳಿಲ್ಲ. ನಿಮ್ಮನ್ನು ನಂಬಿದವರ ಮುಖವನ್ನೊಮ್ಮೆ ನೆನೆಯಿರಿ. ಈ ವಾರವೇ ತೋಳು ಚಾಚಿ ರಕ್ತದೊತ್ತಡ ನೋಡಿಸಿಕೊಳ್ಳಿರಿ.